ಮರ ಅರಸರದು, ಎಣ್ಣೆ ಜರ್ಮನಿಯದು

ಶ್ರೀಗಂಧದ ಮರವನ್ನು ಕಡಿಯುವುದಿಲ್ಲ. ಬುಡ ಅಗೆದು ಬೇರು ಸಮೇತ ಕೀಳುತ್ತಾರೆ. ಎಣ್ಣೆ ಹೆಚ್ಚಾಗಿರುವುದೇ ಬೇರಿನಲ್ಲಿ, ಬುಡದಲ್ಲಿ. ಮೇಲಕ್ಕೆ ಹೋದಂತೆಲ್ಲ ಕಡಿಮೆ, ರೆಂಬೆಗಳಲ್ಲಿ ಹೆಸರಿಗಷ್ಟೆ. ಕಿತ್ತ ಮರದ ತೊಗಟೆಯನ್ನೂ ಹೊರಗಿನ ಬಿಳಿ ಭಾಗವನ್ನೂ ಕೆತ್ತಿ ತೆಗೆದು, ಒಳಗಿನ ಚೇಗನ್ನು ಗಂಧದ ಕೋಠಿಗೆ ಸಾಗಿಸುತ್ತಿದ್ದರು. ಅಲ್ಲಿ ತೂಕ, ಉದ್ದ, ಬಿರುಕು, ಟೊಳ್ಳು ನೋಡಿ 18 ದರ್ಜೆಗಳಾಗಿ ವಿಂಗಡಣೆ. ಮೊದಲ ದರ್ಜೆಯ ಕೊರಡು ವಿಲಾಯತ್ ಬುದ್, ಎರಡನೆಯದು ಚೀನಾ ಬುದ್, ಮೂರನೆಯದು ಪಂಜಂ. ಹೀಗೇ ಗೋಟ್ಲಾ, ಘಾಟ್ ಬದ್ಲಾ, ಜಜ್‌ಪೋಕಲ್, ಐನ್ ಚಿಲ್ಟಾ, ಮಿಲ್ವಾ ಚಿಲ್ಟಾ ಎಂದು ಇಳಿಯುತ್ತ ಬಂದು ಕೊನೆಗೆ ಗರಗಸದ ಹೊಟ್ಟು. ಆ ಹೊಟ್ಟಿಗೂ ಒಂದು ದರ್ಜೆ, ಒಂದು ಬೆಲೆ, ಲೆಕ್ಕದ ಪುಸ್ತಕದಲ್ಲಿ ಒಂದು ಕಲಂ. ಹಾಸನದಲ್ಲಿ ಇವತ್ತಿಗೂ ಗಂಧದ ಕೋಠಿ ಎಂದರೆ ಆಟೋದವರು ಎಲ್ಲಿ ಎಂದು ಕೇಳುವುದಿಲ್ಲ. ಅಲ್ಲಿ ಈಗ ಹುಡುಗಿಯರ ಕಾಲೇಜು.

ಮರವನ್ನು ಇಷ್ಟು ಚೊಕ್ಕವಾಗಿ ಬಲ್ಲ ಮೈಸೂರು ಸಂಸ್ಥಾನ, ಆ ಮರಕ್ಕೆ ಬೆಲೆ ತಂದುಕೊಡುವ ಎಣ್ಣೆಯನ್ನು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಪರದೇಶದವರ ಪಾಲಿಗೆ ಬಿಟ್ಟಿತ್ತು. ನಮ್ಮ ಗಂಧದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಹಾರಿಸಿ, ಸೀದಾ ಸಾಬೂನಿನ ಡಬ್ಬಿಗೆ ಬಂದುಬಿಡುತ್ತಾರೆ. ನಾನು ಮೈಸೂರಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು. ನನ್ನ ಸೋದರಮಾವ ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆಯಲ್ಲಿ ಬಟ್ಟಿ ವಿಭಾಗದಲ್ಲಿದ್ದರು. ಹಾಗಾಗಿ ನನಗೆ ಸಾಬೂನಿಗಿಂತ ಅದರ ಹಿಂದಿನ ಕೊಳವೆಗಳ ಮೇಲೇ ಕಣ್ಣು.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಯಾರ ಹಿತ್ತಿಲಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. 1799ರಲ್ಲಿ ಟಿಪ್ಪು ಮಡಿದ, ಕಾನೂನು ಉಳಿಯಿತು. ಒಡೆಯರ ಆಳ್ವಿಕೆ, ಕಮಿಷನರುಗಳ ಆಳ್ವಿಕೆ, ಮತ್ತೆ ಒಡೆಯರು, ಆಮೇಲೆ ಪ್ರಜಾಪ್ರಭುತ್ವ, ಯಾರು ಬಂದರೂ ಈ ಒಂದು ಹಕ್ಕನ್ನು ಬಿಟ್ಟುಕೊಡಲು ಬಹುಕಾಲ ಮನಸ್ಸು ಮಾಡಲಿಲ್ಲ. ಬಿಡುವುದಾದರೂ ಹೇಗೆ? ಬಿತ್ತುವ ಖರ್ಚಿಲ್ಲ, ನೀರು ಹಾಯಿಸುವ ಖರ್ಚಿಲ್ಲ. ಪಿಕಳಾರ, ಕೋಗಿಲೆಗಳು ಕಪ್ಪು ಹಣ್ಣು ತಿಂದು ಬೀಜ ಉದುರಿಸುತ್ತವೆ. ಸಸಿ ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಹೂಡಿ ಅದರ ಅನ್ನದಲ್ಲಿ ಪಾಲು ಪಡೆದು ಬೆಳೆಯುತ್ತದೆ. ಮೂವತ್ತು ವರ್ಷದ ಮೇಲೆ ಸರ್ಕಾರ ಬಂದು ಕಿತ್ತುಕೊಂಡು ಹೋಗುತ್ತಿತ್ತು.

ಹರಾಜಿನಲ್ಲಿ ಬಿಕರಿಯಾದ ಕೊರಡುಗಳಲ್ಲಿ ಒಳ್ಳೆಯ ಪಾಲು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸುಗಂಧ ತೈಲಗಳ ಉದ್ಯಮದಲ್ಲಿ ಜರ್ಮನಿಯನ್ನು ಮೀರಿಸಿದವರಿರಲಿಲ್ಲ. ಲೈಪ್‌ಜಿಗ್‌ನ ಶಿಮ್ಮೆಲ್ ಕಂಪನಿ ಅದರಲ್ಲಿ ಅಗ್ರಗಣ್ಯ. ಊರ ಹೊರಗೆ ಮಿಲ್ಟಿಟ್ಸ್‌ನಲ್ಲಿ ದೊಡ್ಡ ಕಾರ್ಖಾನೆ, ಸ್ವಂತ ಪ್ರಯೋಗಾಲಯ, ಲೋಕದ ಎಲ್ಲ ಸುಗಂಧ ಸರಕುಗಳ ಬೆಲೆ ಮತ್ತು ರಸಾಯನವನ್ನು ವಿವರಿಸುವ ನಿಯತಕಾಲಿಕ ವರದಿಗಳು. ನಮ್ಮ ಗಂಧದ ಹರಾಜಿನ ಸಮಾಚಾರವನ್ನೂ ಅವರು ಅದರಲ್ಲಿ ಅಚ್ಚು ಹಾಕಿ ಗಿರಾಕಿಗಳಿಗೆ ಹಂಚುತ್ತಿದ್ದರು. ನಮ್ಮವರಿಗೆ ಕೊರಡಿನ ತೂಕ ಗೊತ್ತಿತ್ತು, ಅವರಿಗೆ ಅದರೊಳಗೆ ಎಷ್ಟು ಎಣ್ಣೆ ಇದೆ ಎನ್ನುವುದು ಗೊತ್ತಿತ್ತು. ವ್ಯಾಪಾರದಲ್ಲಿ ಇವೆರಡರ ನಡುವಿನ ಅಂತರವೇ ಲಾಭ.

ಅಷ್ಟೊಂದು ಎಣ್ಣೆಯನ್ನು ಕೊಳ್ಳುತ್ತಿದ್ದವರು ಯಾರು? ಅತ್ತರಿನವರು, ಸಾಬೂನಿನವರು ಸರಿಯೆ. ಅವರ ಜೊತೆಗೆ ಔಷಧದಂಗಡಿಯವರು. ಪೆನಿಸಿಲಿನ್ ಬರುವುದಕ್ಕೆ ಮುಂಚೆ ಗೊನೊರಿಯಾ ಎಂಬ ಗುಹ್ಯರೋಗಕ್ಕೆ ಯುರೋಪಿನ ವೈದ್ಯರು ಬರೆದುಕೊಡುತ್ತಿದ್ದ ಮದ್ದು ಗಂಧದೆಣ್ಣೆಯ ಗುಳಿಗೆ. ಪ್ಯಾರಿಸ್ಸಿನ ಸಾಂತಾಲ್ ಮಿದಿ ಗುಳಿಗೆಗಳು ಲೋಕಪ್ರಸಿದ್ಧ. ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ ಗಂಧದೆಣ್ಣೆಗೆ ಜಾಗವಿತ್ತು. ಎಣ್ಣೆಯಲ್ಲಿ ಸ್ಯಾಂಟಲಾಲ್ ಅಂಶ ಶೇ 90ಕ್ಕಿಂತ ಕಡಿಮೆಯಿರಬಾರದೆಂಬ ಕಟ್ಟುಪಾಡೂ ಇತ್ತು. ದೇವರ ಹಣೆಗೆ ಹಚ್ಚುವ ಗಂಧಕ್ಕೆ ವಿಲಾಯತಿಯಲ್ಲಿ ಇಂಥ ಬಳಕೆ ಎಂದು ತಿಳಿದಿದ್ದರೆ ನಮ್ಮಜ್ಜಿ ಸಾಣೆಕಲ್ಲನ್ನು ತೊಳೆದು ಇಟ್ಟುಬಿಡುತ್ತಿದ್ದಳೋ ಏನೋ.

ಸ್ಯಾಂಟಲಾಲ್ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ನೀರಿಗೆ ಸೇರದೆ ಎಣ್ಣೆ, ಈಥರ್‌ಗಳಿಗೆ ಸೇರುವ ಜೀವದ್ರವ್ಯಗಳನ್ನು ನಾವು ಒಟ್ಟಾಗಿ ಲಿಪಿಡ್ ಎನ್ನುತ್ತೇವೆ. ಅದರಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ತುಪ್ಪ, ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಯ ಕುಲ: ಉದ್ದುದ್ದ ಮೇದಾಮ್ಲಗಳು ಗ್ಲಿಸರಿನ್‌ಗೆ ಅಂಟಿಕೊಂಡವು. ಇನ್ನೊಂದು ಟರ್ಪೀನ್ ಮತ್ತು ಸ್ಟೀರಾಯ್ಡ್‌ಗಳ ಕುಲ. ಅವುಗಳ ಕಟ್ಟಡವೇ ಬೇರೆ. ಐದು ಇಂಗಾಲದ ಐಸೊಪ್ರೀನ್ ತುಂಡುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಂದಿಸಿ ಮಾಲೆ ಕಟ್ಟಿದ ಹಾಗೆ. ಎರಡು ತುಂಡು ಸೇರಿದರೆ ಹತ್ತು ಇಂಗಾಲ: ಟರ್ಪೆಂಟೈನ್‌ನ ಪೈನೀನ್, ನಿಂಬೆ ಸಿಪ್ಪೆಯ ಲಿಮೊನೀನ್. ಮೂರು ಸೇರಿದರೆ ಹದಿನೈದು: ನಮ್ಮ ಸ್ಯಾಂಟಲಾಲ್. ಈ ಲೆಕ್ಕಾಚಾರವನ್ನು ಗಟ್ಟಿ ಮಾಡಿದವನು ಲಿಯೊಪೊಲ್ಡ್ ರುಜಿಚ್ಕಾ. 1939ರ ನೊಬೆಲ್‌ನಲ್ಲಿ ಅವನಿಗೆ ಪಾಲು ಬಂತು. ಆ ವರ್ಷ ಇನ್ನರ್ಧ ಹೋದದ್ದು ಲೈಂಗಿಕ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ ಬುಟೆನಾಂಟ್‌ಗೆ. ಟರ್ಪೀನ್ ಮತ್ತು ಸ್ಟೀರಾಯ್ಡ್ ಒಂದೇ ಬಹುಮಾನದಲ್ಲಿ ಬಂದದ್ದು ಕಾಕತಾಳೀಯವೇನಲ್ಲ. ಗಂಧದ ಮರವೂ ನಮ್ಮ ಪಿತ್ತಜನಕಾಂಗವೂ ಫಾರ್ನೆಸಿಲ್ ಪೈರೊಫಾಸ್ಫೇಟ್ ಎಂಬ ಅದೇ ಹದಿನೈದು ಇಂಗಾಲದ ಸರಕನ್ನು ತಯಾರಿಸುತ್ತವೆ. ಮರ ಅದನ್ನು ಮಡಿಸಿ ಸ್ಯಾಂಟಲೀನ್ ಮಾಡಿ, ಆಮ್ಲಜನಕ ಸೇರಿಸಿ ಸ್ಯಾಂಟಲಾಲ್ ಮಾಡುತ್ತದೆ. ನಾವು ಅಂಥ ಎರಡನ್ನು ಜೋಡಿಸಿ ಮೂವತ್ತು ಇಂಗಾಲದ ಸ್ಕ್ವಾಲೀನ್ ಮಾಡಿ, ಅದರಿಂದ ಕೊಲೆಸ್ಟೆರಾಲ್, ಅದರಿಂದ ಹಾರ್ಮೋನುಗಳನ್ನು ಮಾಡಿಕೊಳ್ಳುತ್ತೇವೆ. ಈ ದಾರಿಯನ್ನು ಬಿಡಿಸಿ ತೋರಿಸಿದ ಬ್ಲಾಖ್ ಮತ್ತು ಲಿನೆನ್‌ಗೆ ನೊಬೆಲ್ ಬಂದದ್ದು 1964ರಲ್ಲಿ. ತರಗತಿಯಲ್ಲಿ ಈ ಕವಲನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಒಬ್ಬರು, ಹಾಗಾದರೆ ಕೊಲೆಸ್ಟೆರಾಲ್‌ಗೆ ಯಾಕೆ ವಾಸನೆ ಇಲ್ಲ ಮೇಡಂ ಎಂದು ಕೇಳಿಯೇ ಕೇಳುತ್ತಿದ್ದರು. ಅಷ್ಟು ಭಾರದ ಅಣು ಗಾಳಿಗೆ ಏಳುವುದಿಲ್ಲ, ಮೂಗಿಗೆ ತಲುಪುವುದಿಲ್ಲ. ಸ್ಯಾಂಟಲಾಲ್ ಕೂಡ ಭಾರವೇ, ಹೇಗೋ ಏಳುತ್ತದೆ, ಆದರೆ ಬಹಳ ನಿಧಾನ. ಅದರ ಈ ನಿಧಾನವೇ ಮುಂದಿನ ಕಥೆಗೆಲ್ಲ ಕಾರಣ.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಜರ್ಮನಿ ಶತ್ರುದೇಶವಾಯಿತು, ಅಲ್ಲಿಗೆ ಮಾಲು ಕಳಿಸುವಂತಿಲ್ಲ. ಕೋಠಿಗಳಲ್ಲಿ ಕೊರಡು ಉಳಿಯಿತು. ಸಂಸ್ಥಾನದ ಖಜಾನೆಗೆ ಏಟು ಬಿತ್ತು. ಆಗ ಮೈಸೂರಿನ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದವರು ಆಲ್‌ಫ್ರೆಡ್ ಚಾಟರ್‌ಟನ್. ಮದ್ರಾಸಿನಲ್ಲಿದ್ದಾಗ ಅಲ್ಯೂಮಿನಿಯಂ ಪಾತ್ರೆಯ ಉದ್ಯಮವನ್ನೂ ಕ್ರೋಮ್ ಚರ್ಮ ಹದ ಮಾಡುವುದನ್ನೂ ನೆಲೆಗೊಳಿಸಿ ತೋರಿಸಿದ್ದ ಮನುಷ್ಯ. ಮರ ಹೋಗದಿದ್ದರೆ ಎಣ್ಣೆಯನ್ನೇ ಇಲ್ಲಿ ತೆಗೆಯೋಣ ಎಂದು ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ತಟ್ಟಿದರು. ಅಲ್ಲಿ ಸಡ್‌ಬರೊ ಸಾವಯವ ರಸಾಯನದ ಪ್ರಾಧ್ಯಾಪಕರು. ಅವರೊಂದಿಗೆ ವಾಟ್ಸನ್, ಲಂಡನ್ನಿನಲ್ಲಿ ರಸಾಯನಜ್ಞ ರ‍್ಯಾಮ್ಸೆಯ ಬಳಿ ನಿಯಾನ್ ಅನಿಲದ ಪರಮಾಣು ತೂಕ ಅಳೆಯುತ್ತಿದ್ದವರು, ಬೆಂಗಳೂರಿಗೆ ಬಂದು ಗಂಧದ ಪುಡಿಯ ಮುಂದೆ ಕೂತರು. ಅವರಿಬ್ಬರ ಪ್ರಯೋಗಗಳು ಕೈಗೂಡಿದವು. 1916ರಲ್ಲಿ ಎಣ್ಣೆ ಕಾರ್ಖಾನೆ ಶುರುವಾಯಿತು. ಮೊದಲು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ, ಅದರ ಬೆನ್ನಿಗೇ ಮೈಸೂರಿನಲ್ಲಿ ದೊಡ್ಡದಾಗಿ. ಶಿವಮೊಗ್ಗದ ಕಾರ್ಖಾನೆ ಬಂದದ್ದು ಬಹಳ ತಡವಾಗಿ, 1944ರಲ್ಲಿ.

ಆ ಕಾಲದ ಒಳ್ಳೆಯದನ್ನೆಲ್ಲ ವಿಶ್ವೇಶ್ವರಯ್ಯನವರ ಖಾತೆಗೆ ಜಮಾ ಮಾಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ದಿವಾನರಾಗಿ ಅವರ ಒತ್ತಾಸೆ, ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ಇಲ್ಲದೆ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ, ನಿಜ. ಆದರೆ ಬಟ್ಟಿಯ ಹದ ಕಂಡುಕೊಂಡವರ ಹೆಸರು ಶಾಲೆಯ ಪುಸ್ತಕದಲ್ಲಿ ಬರುವುದೇ ಇಲ್ಲ. ನನಗಿದು ಸರಿಕಾಣುವುದಿಲ್ಲ.

ಯಾಕೆಂದರೆ ಆ ಹದ ಸುಲಭದ್ದಲ್ಲ. ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಕಾಯಿಸಿದರೆ ಮರ ಸೀದು, ಎಣ್ಣೆ ಸುಟ್ಟ ವಾಸನೆ ಹಿಡಿಯುತ್ತದೆ. ಅದಕ್ಕೇ ಚೇಗನ್ನು ಚೆಕ್ಕೆ ಮಾಡಿ, ಚೆಕ್ಕೆಯನ್ನು ಪುಡಿ ಮಾಡಿ, ದೊಡ್ಡ ಹಂಡೆಯಲ್ಲಿ ತುಂಬಿ ಅದರೊಳಕ್ಕೆ ಹಬೆ ಹಾಯಿಸುವುದು. ನೀರಿನ ಹಬೆ ಜೊತೆಗಿದ್ದರೆ ಎಣ್ಣೆ ನೂರು ಡಿಗ್ರಿಯ ಆಸುಪಾಸಿನಲ್ಲೇ ಏಳುತ್ತದೆ, ಆದರೆ ಒಂದೊಂದು ಸಲಕ್ಕೆ ಎಳ್ಳಷ್ಟೇ ಏಳುತ್ತದೆ. ನಿಂಬೆಹುಲ್ಲಿನ ಹಾಗೆ ಕೆಲವು ಗಂಟೆಗಳಲ್ಲಿ ಮುಗಿಯುವ ಬಾಬತ್ತಲ್ಲ. ಎರಡು ಮೂರು ದಿನ ಹಗಲು ರಾತ್ರಿ ಹಬೆ ನಿಲ್ಲಬಾರದು. ಇಷ್ಟು ಮಾಡಿ ನೂರು ಕಿಲೋ ಚೇಗಿನಿಂದ ನಾಲ್ಕೈದು ಕಿಲೋ ಎಣ್ಣೆ ಬಂದರೆ ಸಮೃದ್ಧಿ. ಕನೌಜದ ಅತ್ತರಿನವರು ತಾಮ್ರದ ಡೇಗಿನಲ್ಲಿ, ಬಿದಿರಿನ ಕೊಳವೆ ಹಾಕಿ ಶತಮಾನಗಳಿಂದ ಬಟ್ಟಿ ಇಳಿಸುತ್ತಿದ್ದವರೇ. ಅದು ಕೈಕೆಲಸ. ಹಂಡೆಗೆ ಮರ ತುಂಬಿ, ಲಂಡನ್ನಿನ ಶೇ 90ರ ಪರೀಕ್ಷೆಯಲ್ಲಿ ಪ್ರತಿಸಲವೂ ಪಾಸಾಗುವ ಎಣ್ಣೆ ತೆಗೆಯುವುದು ಬೇರೆಯೇ ಕಸುಬು.

ಮಾವ ಒಂದು ಸಲ ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದರು, ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ನಾನು ನೋಡಬೇಕೆಂದಿದ್ದು ಹಂಡೆಗಳನ್ನು, ನೋಡುತ್ತ ನಿಂತದ್ದು ಅದರ ಕೊನೆಯ ತುದಿಯನ್ನು. ತಂಪು ನೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಿಂದ ಹಬೆ ತಣಿದು ಪಾತ್ರೆಯೊಂದಕ್ಕೆ ಬೀಳುತ್ತದೆ. ಬೀಳುವುದು ಎಣ್ಣೆಯಲ್ಲ, ಹಾಲಿಗೆ ನೀರು ಬೆರೆಸಿದಂಥ ಮಬ್ಬು ದ್ರವ. ಕೊಬ್ಬರಿ ಎಣ್ಣೆಯಾಗಿದ್ದರೆ ಕಣ್ಣೆದುರಿಗೇ ಮೇಲೆ ಕಟ್ಟಿಕೊಳ್ಳುತ್ತಿತ್ತು. ಗಂಧದೆಣ್ಣೆಯ ಸಾಂದ್ರತೆ 0.97ರ ಹತ್ತಿರ, ನೀರಿಗಿಂತ ಕೂದಲೆಳೆಯಷ್ಟು ಕಡಿಮೆ. ಅದು ಮೇಲೇಳಲೋ ಬೇಡವೋ ಎಂದು ನೀರಿನೊಳಗೇ ತಡವರಿಸುತ್ತದೆ. ಪಾತ್ರೆಯ ಮೇಲ್ತುದಿಯಲ್ಲಿ ಒಂದು ಮೂತಿ, ತಳದಿಂದ ನೀರು ಹೊರಹೋಗಲು ಇನ್ನೊಂದು ಬಾಗಿದ ಕೊಳವೆ. ಹೊರಹೋದ ನೀರಿನಲ್ಲೂ ಎಣ್ಣೆಯ ಪಸೆ ಉಳಿದಿರುತ್ತದೆಂದು ಅದನ್ನು ಚೆಲ್ಲದೆ ಮತ್ತೆ ಬಟ್ಟಿಗೇ ತಿರುಗಿಸುತ್ತಿದ್ದರು.

“ಇನ್ನೂ ಎಷ್ಟು ಹೊತ್ತು ಮಾವ?” ಎಂದೆ.

“ಅವಸರ ಮಾಡಬೇಡ್ವೇ. ಬಿಸಿ ಜಾಸ್ತಿ ಆದ್ರೆ ನೀರಿನ ಜೊತೆಗೇ ಕೊಚ್ಕೊಂಡೋಗತ್ತೆ, ತಣ್ಣಗಾದ್ರೆ ಅಲ್ಲಲ್ಲೇ ಕೂತ್ಕೊಳತ್ತೆ. ಹದ ಬೆರಳಿಗೆ ಗೊತ್ತಾಗಬೇಕು” ಎಂದು ಅವರು ಪಾತ್ರೆಯ ಮೈಮೇಲೆ ಅಂಗೈ ಇಟ್ಟು ತೋರಿಸಿದರು. ಥರ್ಮಾಮೀಟರು ಪಕ್ಕದಲ್ಲೇ ತೂಗುತ್ತಿತ್ತು; ಅದರ ಕಡೆ ಅವರು ನೋಡಲಿಲ್ಲ. ಮೇಲಿನ ಮೂತಿಯಲ್ಲಿ ತಿಳಿ ಹಳದಿಯ ದಪ್ಪ ಎಣ್ಣೆ ಎಳೆಯಾಗಿ ಇಳಿಯುತ್ತಿತ್ತು. ಎಣ್ಣೆ ಹೋಗಿ ಉಳಿದ ಪುಡಿಯನ್ನೂ ಎಸೆಯುವಂತಿಲ್ಲ. ಊದುಬತ್ತಿಯವರು ಅದಕ್ಕೆ ಕಾದಿರುತ್ತಿದ್ದರು.

ಸಾಬೂನಿಗೆ ಬರೋಣ. 1918ರಲ್ಲಿ ಪರದೇಶದ ಅತಿಥಿಯೊಬ್ಬರು ಮೈಸೂರಿನದೇ ಗಂಧದೆಣ್ಣೆ ಹಾಕಿದ ಸಾಬೂನನ್ನು ಮಹಾರಾಜರಿಗೆ ಉಡುಗೊರೆ ಕೊಟ್ಟರೆಂದೂ, ನಾವೇ ಯಾಕೆ ಮಾಡಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತೆಂದೂ ಕಥೆಯಿದೆ. ಇರಬಹುದು. ಕೈಯಲ್ಲಿ ಎರಡು ವರ್ಷದಿಂದ ಇಳಿಯುತ್ತಿರುವ ಎಣ್ಣೆ, ಯುದ್ಧದಿಂದ ಕಂಗೆಟ್ಟ ಮಾರುಕಟ್ಟೆ ಇದ್ದಾಗ ಉಡುಗೊರೆ ಬಾರದಿದ್ದರೂ ಈ ಯೋಚನೆ ಹೊಳೆಯುತ್ತಿತ್ತು ಎಂದು ನನ್ನ ಅನಿಸಿಕೆ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಜ್ಞನನ್ನು ತರಬೇತಿಗೆ ಇಂಗ್ಲೆಂಡಿಗೆ ಕಳಿಸಿದರು. ಅವರು ಹಿಂದಿರುಗಿ ಈ ಕೆಲಸದಲ್ಲೇ ಮುಳುಗಿ ಜನರ ಬಾಯಲ್ಲಿ ಸೋಪ್ ಶಾಸ್ತ್ರಿ ಆದರು. ಕಬ್ಬನ್ ಪಾರ್ಕಿನ ಬಳಿ ಸರ್ಕಾರಿ ಸಾಬೂನು ಕಾರ್ಖಾನೆ ಎದ್ದಿತು; 1957ರಲ್ಲಿ ರಾಜಾಜಿನಗರಕ್ಕೆ ಹೋಯಿತು. ಅಂಡಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಸಿಂಹದ ಮೈಗೆ ಆನೆಯ ತಲೆಯಿರುವ ಶರಭ, ಇವೆಲ್ಲ ಓದುಗರು ಬಚ್ಚಲಲ್ಲೇ ಕಂಡಿರುವಂಥವು.

ಕಾಣದಿರುವುದು ಅದರೊಳಗಿನ ಒಂದು ಸೊಗಸು. ಕೊಬ್ಬರಿ ಎಣ್ಣೆಯಂಥ ಜಿಡ್ಡಿಗೆ ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಅದರ ಎಸ್ಟರ್ ಕೊಂಡಿಗಳು ಮುರಿದು ಒಂದು ಕಡೆ ಗ್ಲಿಸರಿನ್, ಒಂದು ಕಡೆ ಸಾಬೂನು ಆಗುತ್ತದೆ. ಉಪ್ಪು ಹಾಕಿದರೆ ಸಾಬೂನು ಮೇಲೆ ಗಟ್ಟಿಯಾಗಿ ಬೇರ್ಪಡುತ್ತದೆ. ಹೀಗೆ ತಯಾರಾದ ಬಿಲ್ಲೆ ಎಷ್ಟೇ ಒಣಗಿದರೂ ಕ್ಷಾರದ ಗುಣ ಬಿಡುವುದಿಲ್ಲ. ಹೂವು ಹಣ್ಣುಗಳ ಹಲವು ಸುವಾಸನೆಗಳು ತಾವೇ ಎಸ್ಟರ್‌ಗಳು. ಜಿಡ್ಡನ್ನು ಮುರಿದ ಕ್ಷಾರವೇ ಅವನ್ನೂ ದಿನ ಕಳೆದಂತೆ ಮುರಿಯುತ್ತದೆ. ವೆನಿಲಿನ್ ಹಾಕಿದರೆ ಬಿಲ್ಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಸ್ಯಾಂಟಲಾಲ್ ಮಾತ್ರ ಆಲ್ಕೊಹಾಲು. ಮುರಿಯಲು ಅದರಲ್ಲಿ ಎಸ್ಟರ್ ಕೊಂಡಿಯೇ ಇಲ್ಲ. ಹಾರಿಹೋಗಲೂ ಅವಸರವಿಲ್ಲ, ಜೊತೆಗಿರುವ ಹಗುರ ವಾಸನೆಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಟ್ಟಿಯಲ್ಲಿ ಮಾವನನ್ನು ರಾತ್ರಿಯೆಲ್ಲ ಕಾಯಿಸಿದ ಆ ನಿಧಾನ ಸಾಬೂನಿನಲ್ಲಿ ಲಾಭಕ್ಕೆ ಬಂತು. ಲಿಪಿಡ್‌ನ ಎರಡೂ ಕುಲಗಳು ಆ ಒಂದು ಬಿಲ್ಲೆಯಲ್ಲಿವೆ, ಒಂದು ಮುರಿದು, ಇನ್ನೊಂದು ಮುರಿಯದೆ. ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ಅಗ್ಗದ ಉದಾಹರಣೆ ನಾನು ಕೊಡಲಾರೆ.

ಮರದ ಮಟ್ಟಿಗೂ ಎರಡೂ ಕುಲ ಉಂಟು. ಚೇಗಿನಲ್ಲಿ ಟರ್ಪೀನ್, ಬೀಜದಲ್ಲಿ ಜಿಡ್ಡು. ಆ ಜಿಡ್ಡಿನಲ್ಲಿ ತ್ರಿಬಂಧವಿರುವ ಒಂದು ಅಪರೂಪದ ಮೇದಾಮ್ಲವಿದೆ, ಸ್ಯಾಂಟಾಲ್ಬಿಕ್ ಆಮ್ಲವೆಂದು ಹೆಸರು. ಮಧುರನಾಥ್ ಮತ್ತು ಬಿ.ಎಲ್. ಮಂಜುನಾಥ್ ಗಂಧದ ಬೀಜದ ಎಣ್ಣೆಯನ್ನು ಪರೀಕ್ಷಿಸಿ 1938ರಲ್ಲೇ ಅದರ ಬಗ್ಗೆ ಬರೆದರು. ವಾಸನೆಯಿಲ್ಲದ ಎಣ್ಣೆ, ಯಾರೂ ಅದಕ್ಕೆ ಕಾವಲು ಇಡಲಿಲ್ಲ, ಯಾರೂ ಕದಿಯಲಿಲ್ಲ.

ಕದ್ದದ್ದು ಚೇಗನ್ನು. ಅದಕ್ಕೆ ಮುಂಚೆ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗಕ್ಕೆ ಎಲೆಗಳು ಕಿರಿದಾಗಿ, ಮುಳ್ಳಿನಂತೆ ಸೆಟೆದು, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಅದರ ಹಿಂದೆ ಬಿದ್ದು 1917ರಲ್ಲಿ ಪುಸ್ತಿಕೆ ತಂದರು. ಕಾರಣವಾದ ಸೂಕ್ಷ್ಮಜೀವಿ ಕಣ್ಣಿಗೆ ಬಿದ್ದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ, 1969ರಲ್ಲಿ. ಪೆನಿಸಿಲಿನ್ ಬಂದು ಗುಳಿಗೆಯ ವ್ಯಾಪಾರವೂ ಮುಗಿಯಿತು, ಆದರೆ ಸುಗಂಧದವರ ಬೇಡಿಕೆ ಇಳಿಯಲಿಲ್ಲ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಚೇಗು ಸಿಗುತ್ತಿತ್ತು. ಈ ಶತಮಾನಕ್ಕೆ ಬರುವಷ್ಟರಲ್ಲಿ ಅದರ ಸಣ್ಣ ಪಾಲೂ ಉಳಿಯಲಿಲ್ಲ. ಎಲ್ಲರೂ ಕಾಡುಗಳ್ಳ ವೀರಪ್ಪನ್ ಹೆಸರು ಹೇಳುತ್ತಾರೆ. ಅವನು 2004ರಲ್ಲಿ ಸತ್ತ. ಮರಗಳೇನೂ ಮರಳಿ ಬರಲಿಲ್ಲ.

ನನ್ನ ದೂರು 1792ರ ಆ ಹಕ್ಕಿನ ಮೇಲೆ. ಹೊಲದ ಬದುವಿನಲ್ಲಿ ಗಂಧದ ಸಸಿ ಹುಟ್ಟಿದರೆ ರೈತನಿಗೆ ಅದರಿಂದ ಸುಖವಿರಲಿಲ್ಲ. ಮರ ಸರ್ಕಾರದ್ದು, ಕಾಯುವ ಹೊಣೆ ಅವನದು. ಕಳುವಾದರೆ ಠಾಣೆಗೆ ಅಲೆಯಬೇಕಾದವನೂ ಅವನೇ. ಹಾಗಾಗಿ ಹಳ್ಳಿಯಲ್ಲಿ ಬುದ್ಧಿವಂತರು ಸಸಿ ಬೆರಳುದ್ದ ಇರುವಾಗಲೇ ಕಿತ್ತು ಎಸೆಯುತ್ತಿದ್ದರು. ನಮ್ಮ ತಾತನ ಕಾಲದಲ್ಲಿ ಇದು ಬಾಯಿ ಬಿಟ್ಟು ಹೇಳದ, ಎಲ್ಲರೂ ಮಾಡುವ ಕೆಲಸ. ಎಣ್ಣೆಯನ್ನು ಜರ್ಮನಿಗೆ ಬಿಟ್ಟುಕೊಟ್ಟದ್ದಕ್ಕೆ ಅರಿವು ಸಾಲದ್ದು ಕಾರಣ. ಅರಿವು ಬಂದ ಮೇಲೂ 85 ವರ್ಷ ಈ ಕಾನೂನನ್ನು ಇಟ್ಟುಕೊಂಡದ್ದಕ್ಕೆ ಏನನ್ನಬೇಕು? 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ಜಮೀನಿನವನೇ ಮರದ ಒಡೆಯನೆಂದು ಒಪ್ಪಿಕೊಂಡರು. ಮಾರಾಟ ಮಾತ್ರ ಸರ್ಕಾರ ಹೇಳಿದ ಕಡೆಗೇ ಆಗಬೇಕಿತ್ತು.

ಅಷ್ಟು ಹೊತ್ತಿಗೆ ಲೋಕ ಮುಂದೆ ಹೋಗಿತ್ತು. ಪೈನ್ ಮರದ ಟರ್ಪೆಂಟೈನ್‌ನಿಂದ ಹೊರಟು ಸ್ಯಾಂಡಲೋರ್‌ನಂಥ ಕೃತಕ ಗಂಧಗಳನ್ನು ಸ್ವಿಟ್ಜರ್ಲೆಂಡಿನವರು ತಯಾರಿಸುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಕುನುನರಾದಲ್ಲಿ ನಮ್ಮದೇ ಜಾತಿಯ ಮರಗಳು ನೀರಾವರಿ ತೋಟಗಳಲ್ಲಿ ಸಾಲುಸಾಲಾಗಿ ನಿಂತಿವೆ. ಸ್ಯಾಂಟಲೀನ್ ತಯಾರಿಸುವ ಕಿಣ್ವದ ವಂಶವಾಹಿಯನ್ನು 2011ರಲ್ಲಿ ಬೇರ್ಪಡಿಸಿದರು, ಹತ್ತು ವರ್ಷ ತುಂಬುವುದರೊಳಗೆ ಸಕ್ಕರೆ ತಿನ್ನಿಸಿದ ಸೂಕ್ಷ್ಮಜೀವಿಗಳಿಂದ ಸ್ಯಾಂಟಲಾಲ್ ಮಾರುಕಟ್ಟೆಗೆ ಬಂತು. ಅದನ್ನು ತಯಾರಿಸುವ ಒಂದು ಕಂಪನಿಯನ್ನು ಕೊಂಡವರು ಮತ್ತೆ ಜರ್ಮನಿಯವರೇ, ಬಿಎಎಸ್‌ಎಫ್.

ಮಾವನ ಮಗ ಹುಣಸೂರಿನ ಹತ್ತಿರ ಎರಡೆಕರೆ ಗಂಧ ಹಾಕಿದ್ದಾನೆ. ಆಸರೆಗೆ ಮೊದಲು ತೊಗರಿ, ಆಮೇಲೆ ಸರ್ವೆ. ಸುತ್ತ ತಂತಿಬೇಲಿ, ಎರಡು ನಾಯಿ, ಕ್ಯಾಮೆರಾ. ಮೊನ್ನೆ ಫೋನ್ ಮಾಡಿ, “ಅಕ್ಕಾ, ನೀನು ಕೆಮಿಸ್ಟ್ರಿಯವಳಲ್ವಾ, ಒಳಗೆ ಚೇಗು ಕಟ್ಟಿದೆಯಾ ಅಂತ ಮರ ಕೀಳದೆ ಹೇಗೆ ಗೊತ್ತು ಮಾಡೋದು?” ಎಂದು ಕೇಳಿದ. ಬುಡದ ಹತ್ತಿರ ಸಣ್ಣ ಬೈರಿಗೆಯಿಂದ ಕೊರೆದು ಪುಡಿ ತೆಗೆದು ನೋಡಬಹುದು, ಬಣ್ಣದಲ್ಲೇ ಗೊತ್ತಾಗುತ್ತದೆ ಎಂದೆ.

“ಅದನ್ನ ಕಳ್ಳರು ಆಗಲೇ ಮಾಡಿ ಹೋಗಿದ್ದಾರೆ, ಆರು ಮರಕ್ಕೆ ತೂತಿದೆ. ಮರ ಬಿಟ್ಟು ಹೋಗಿದ್ದಾರೆ ಅಂದ್ರೆ ಇನ್ನೂ ಕಟ್ಟಿಲ್ಲ ಅಂತ ತಾನೇ?” ಎಂದ.

ಹೌದು ಎಂದೆ.